ಖಾಜಾಸಾಬರ ಖಣ

ಗಂಗಾವತಿಯಲ್ಲಿ ಇವತ್ತು ಮಗಳಿಗೆಂದು ಸೀರೆ ಕೊಂಡ ಹೊಸ ಅಂಗಡಿಯ ಗಲ್ಲಾದ ಮೇಲೆ ಒಂದು ಚೀಟಿ ಅಂಟಿಸಿದ್ದರು: ‘ಕಾರ್ಡಿಗೆ ನೂರಕ್ಕೆ ಎರಡು ರೂಪಾಯಿ ಹೆಚ್ಚು.’ ನಗದಾದರೆ ಹೆಚ್ಚಿಲ್ಲ, ಬಿಲ್ಲೂ ಇಲ್ಲ. ಬಿಲ್ಲಿಲ್ಲದ್ದಕ್ಕೆ ತೆರಿಗೆಯೂ ಇಲ್ಲ. ಎಂಥ ಸಾಚಾ ಜನ! ನಾನೇನು ಮಾಡಿದೆ ಅಂತೀರಿ? ಎ.ಸಿ.ಯ ತಂಪಿನಲ್ಲಿ ನಿಂತು ಕಾರ್ಡು ಚಾಚಿ, ಹೆಚ್ಚಿನದನ್ನೂ ತೆತ್ತು, ಮೇಲೊಂದು ‘ಥ್ಯಾಂಕ್ಸ್’ ಹೇಳಿ ಬಂದೆ.

ಬಾಯಿಲ್ಲದವನು ಅಂದುಕೊಳ್ಳಬೇಡಿ. ಆರು ವರ್ಷದ ಹಿಂದೆ ನಮ್ಮೂರ ಪಕ್ಕದ ಭಾಗ್ಯನಗರದ ಖಾಜಾಸಾಬರ ಅಂಗಡಿಯಲ್ಲಿ ಆ ಬಾಯಿ ಚೆನ್ನಾಗಿಯೇ ಕೆಲಸ ಮಾಡಿತ್ತು.

ಅವರದು ಒಂದೇ ಬಾಗಿಲಿನ ಸೀರೆ ಅಂಗಡಿ. ಗಾದಿಯ ಮೇಲೆ ಕೂರಿಸಿ, ಚಹಾ ತರಿಸಿ, ಬಿಲ್ಲು ಬರೆದು, ಪ್ರತಿ ಸೀರೆಯ ಮಡಿಕೆಯೊಳಗೆ ಕುಪ್ಪಸದ ಖಣವೊಂದನ್ನು ಬಿಟ್ಟಿಯಾಗಿ ಇಡುತ್ತಿದ್ದರು. “ಹೆಣ್ಮಕ್ಕಳಿಗೆ ಬರೇ ಸೀರಿ ಕೊಟ್ಟು ಕಳಸಂಗಿಲ್ರಿ, ನಮ್ಮಪ್ಪನ ಕಾಲದಿಂದ ಹಿಂಗ ಐತಿ” ಅನ್ನುತ್ತಿದ್ದರು. ಅಂದು ನಾನು ಹೊಸ ಕಾರ್ಡಿನ ಜಂಬದಲ್ಲಿದ್ದೆ.

“ಮಾಸ್ತರ್ರ, ರೊಕ್ಕ ಇದ್ರ ಭಾಳ ಛಲೋ ಆಕ್ಕೈತಿ. ಕಾರ್ಡ್ ಉಜ್ಜಿದ್ರ ಬ್ಯಾಂಕಿನವ್ರು ನೂರಕ್ಕ ಎರಡು ಮುರ್ಕೋತಾರ. ಅದಷ್ಟು ನೀವು ಕೊಡ್ರಿ” ಎಂದರು, ದನಿ ತಗ್ಗಿಸಿ.

ನಾನು ತಗ್ಗಿಸಲಿಲ್ಲ. “ತೆರಿಗಿ ಕದಿಯಾಕ ಹೊಸಾ ದಾರಿ ಏನ್ ಸಾಹೇಬ್ರ?” ಎಂದು ಅಂಗಡಿ ತುಂಬ ಕುಳಿತ ಹೆಂಗಸರೆದುರು ಒದರಿದೆ. ಅದೂ ಅವರೇ ಬರೆದ ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡು! ಇಂಥ ಜಾಣ ಮಾಸ್ತರನ ಹತ್ತಿರ ಕಲಿತ ಮಕ್ಕಳನ್ನು ದೇವರೇ ಕಾಯಬೇಕು. ಖಾಜಾಸಾಬರು ಬರೀ ಸೀರೆಯ ಬೆಲೆಗೆ ಕಾರ್ಡು ಉಜ್ಜಿದರು, ಖಣವನ್ನೂ ಇಟ್ಟರು. ಗೆದ್ದೆನೆಂದು ಮೀಸೆ ತಿರುವಿಕೊಂಡು ಬಂದವನು ಆಮೇಲೆ ಆ ಕಡೆ ಹಾಯಲಿಲ್ಲ.

ಗಂಗಾವತಿಯಿಂದ ಬರುವ ಬಸ್ಸಿನಲ್ಲಿ ಇದೆಲ್ಲ ನೆನಪಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನೇರ ಭಾಗ್ಯನಗರಕ್ಕೆ ಹೋದೆ. ಖಾಜಾಸಾಬರು ಅದೇ ಗಾದಿಯ ಮೇಲಿದ್ದರು. ಹೆಂಡತಿಗೊಂದು ಸೀರೆ ಆರಿಸಿ, ನೋಟುಗಳನ್ನು ಮುಂದಿಟ್ಟು, “ಅವತ್ತು ತಪ್ಪು ಮಾತಾಡಿದೆ ಸಾಹೇಬ್ರ” ಎಂದೆ.

“ಇರ್ಲಿ ಬಿಡ್ರಿ. ಕಾರ್ಡ್ ಕೊಟ್ಟಿದ್ರೂ ನಡೀತಿತ್ತು. ಅವತ್ತಿನಿಂದ ಎಲ್ಲಾರಿಗೂ ಒಂದ ರೇಟ್ ಮಾಡೀನಿ. ಯಾರೂ ನನಗ ಕಳ್ಳ ಅನಬಾರದಲ್ರಿ” ಎಂದು ಬಿಲ್ಲು ಬರೆದರು.

ಮನೆಯಲ್ಲಿ ಹೆಂಡತಿ ಸೀರೆಯ ಮಡಿಕೆ ಬಿಚ್ಚಿ ಕೊಡವಿದಳು, ಚೀಲದೊಳಗೂ ಕೈಹಾಕಿ ತಡಕಿದಳು.

“ಖಾಜಾಸಾಬರ ಸೀರಿ ಅಂತೀರಿ, ಖಣ ಎಲ್ಲೈತಿ?”

ಎಲ್ಲರಿಗೂ ಒಂದೇ ರೇಟು ಮಾಡಿದ ಮೇಲೆ ಬ್ಯಾಂಕಿನ ಪಾಲನ್ನು ಅವರು ಎಲ್ಲಿಂದ ತುಂಬಿದರೆಂದು ನನಗೆ ಆಗ ಹೊಳೆಯಿತು.

“ಈಗ ಯಾರಿಗೂ ಕೊಡಂಗಿಲ್ಲ. ನಾನ ಬಿಡಿಸಿದೆ” ಎಂದೆ.