ದಾನಮ್ಮ ಹೊರಿಸಿದ ಅಪವಾದ

ಬನಹಟ್ಟಿಯ ನೇಕಾರ ಓಣಿಯಲ್ಲಿ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿ ಬದುಕುವ ದಾನಮ್ಮನಿಗೆ ಐವತ್ತೆಂಟು ವರ್ಷ. ದಿನಾ ಎರಡು ರೊಟ್ಟಿ ಹೆಚ್ಚಿಗೆ ಬಡಿದು ಬೀದಿನಾಯಿಗಳಿಗೆ ಹಾಕುತ್ತಾಳೆ. ಯಾಕೆಂದು ಕೇಳಿದರೆ, "ಬಾಗಲಾಗ ಬಂದು ನಿಂದರ್ತಾವ, ಹಾಕ್ತೀನಿ" ಎನ್ನುತ್ತಾಳೆ, ಅಷ್ಟೇ.

ಹೋದ ಮಳೆಗಾಲದಲ್ಲಿ ಹದಿನೈದು ದಿನದೊಳಗೆ ಮೂರು ನಾಯಿಗಳು ಸತ್ತವು. ಮೂರೂ ತಿನ್ನುವುದನ್ನು ಬಿಟ್ಟು, ಕೆಂಪಗೆ ಉಚ್ಚೆ ಹೊಯ್ದು ಒರಗಿದ್ದವು. ಎದುರಿನ ಮಗ್ಗದ ಶೆಡ್ಡಿನ ಕಾಶಪ್ಪ, ನೂಲಿನ ಗಂಟಿನ ಮೇಲೆ ಮಲಗುತ್ತವೆಂದು ಅವಕ್ಕೆ ಕಲ್ಲು ಎಸೆಯುತ್ತಿದ್ದವನು. "ಅವನೇ ವಿಷಾ ಹಾಕ್ಯಾನ" ಎಂದು ದಾನಮ್ಮ ನಳದ ಹತ್ತಿರ ಹೇಳಿದಳು. ಮಾತು ಓಣಿಯೆಲ್ಲ ಹಬ್ಬಿತು. ಕಾಶಪ್ಪ ಆಣೆ ಮಾಡಿದರೂ ಯಾರೂ ನಂಬಲಿಲ್ಲ.

ಮೂರು ತಿಂಗಳ ಮೇಲೆ ಪಶುವೈದ್ಯೆ ಮಧುಮತಿ ಬೀದಿನಾಯಿಗಳ ರಕ್ತ ತಪಾಸಣೆಗೆ ಬಂದರು. ಆಗ ಒಂದು ಬಿಳಿ ಹೆಣ್ಣುನಾಯಿಯೂ ಹಾಗೇ ಸೊರಗಿತ್ತು. ದಾನಮ್ಮ ಅದರ ತಲೆಯನ್ನು ತೊಡೆಯ ಮೇಲೆ ಹಿಡಿದು ಕೂತಳು. ವೈದ್ಯೆ ಕಾಲಿನಿಂದ ತುಸು ರಕ್ತ ತೆಗೆದು, ಚಿಕ್ಕ ಪ್ಲಾಸ್ಟಿಕ್ ಕಿಟ್ಟಿನೊಳಗೆ ಒಂದು ಹನಿ ಬಿಟ್ಟರು. ಹತ್ತು ನಿಮಿಷದಲ್ಲಿ ಎರಡು ಗೆರೆ ಮೂಡಿದವು.

"ಇದರ ರಕ್ತದಾಗ ಕಣ್ಣಿಗಿ ಕಾಣಲಾರದ ಹುಳ ಅದಾವ್ರಿ, ಅವ್ವಾರ. ಉಣ್ಣಿ ಕಚ್ಚಿ ಬರ್ತಾವ. ಕೆಂಪ ಉಚ್ಚಿ ಅದಕ್ಕ."

"ಅಂದ್ರ ವಿಷ ಅಲ್ಲೇನ್ರಿ? ಮದಲ ಸತ್ತವಕ್ಕೂ ಹಿಂಗ ಆಗಿತ್ತರೀ."

"ಅವನ್ನ ನಾ ನೋಡಿಲ್ಲ. ಆದ್ರ ಹಿಂಗ ಆಗಿತ್ತಂದ್ರ, ಬಹುತೇಕ ಇದೇ ಬ್ಯಾನಿ ಇರಬೇಕ್ರಿ."

ವೈದ್ಯೆ ಇಂಜೆಕ್ಷನ್ ಕೊಟ್ಟು ಹೋದ ಮೇಲೂ ದಾನಮ್ಮ ಅಲ್ಲೇ ಕೂತಿದ್ದಳು. ಆಮೇಲೆ ಎದ್ದು ಕಾಶಪ್ಪನ ಶೆಡ್ಡಿಗೆ ಹೋದಳು. ಮಗ್ಗಗಳ ಸದ್ದಿನಲ್ಲಿ ಅವಳ ಮಾತು ಅವನಿಗೆ ಕೇಳಲಿಲ್ಲ. ಅವನು ಮಗ್ಗ ನಿಲ್ಲಿಸಿದ. ಶೆಡ್ಡಿನ ಉಳಿದ ನೇಕಾರರೂ ನಿಲ್ಲಿಸಿದರು. ಎಲ್ಲರೆದುರು ಮತ್ತೊಮ್ಮೆ ಹೇಳಬೇಕಾಯಿತು.

"ನಂದ ತಪ್ಪಾತು, ಕಾಶಪ್ಪ. ವಿಷ ಅಲ್ಲಂತ, ಬ್ಯಾನಿ ಅಂತ."

ಕಾಶಪ್ಪ ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡ. "ನನಗ ಹೇಳಿದ್ರ ಏನ ಬಂತು, ಯಕ್ಕಾ? ವಿಷ ಹಾಕಿಲ್ಲಂತ ನನಗ ಗೊತ್ತೈತಿ. ಓಣಿ ಮಂದಿಗಿ ಹೇಳು."

ಅಂದು ಸಂಜೆಯಿಂದಲೇ ಅವಳು ಮನೆಮನೆಗೆ ಹೋದಳು. ಕೆಲವರು ಒಪ್ಪಿದರು. ಕಡೆಯ ಮನೆಯ ಮಾದೇವಿ ಮಾತ್ರ, "ಯಾರಿಗಿ ಗೊತ್ತ ಬಿಡ" ಎಂದಳು. ತಾನು ಹಚ್ಚಿದ ಸಂಶಯ ಇನ್ನು ತನ್ನ ಮಾತನ್ನೂ ಕೇಳದು ಎಂಬುದು ದಾನಮ್ಮನಿಗೆ ಅಲ್ಲಿ ಅರ್ಥವಾಯಿತು. ಆದರೂ ಮಾದೇವಿಯ ಮನೆಯ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಎಲ್ಲ ಹೇಳಿದಳು.

ಎರಡು ವಾರದ ಮೇಲೆ ಎರಡನೆಯ ಇಂಜೆಕ್ಷನ್ನಿಗೆ ವೈದ್ಯೆ ಬಂದಾಗ ನಾಯಿ ಎದ್ದು ಓಡಾಡುತ್ತಿತ್ತು. ಕಾಶಪ್ಪ ಹೊರಗೆ ಬಂದ. ದಾನಮ್ಮನ ಕಡೆ ನೋಡದೆ ವೈದ್ಯೆಯನ್ನೇ ಕೇಳಿದ: "ಉಣ್ಣಿ ಗ್ವಾಡಿ ಸಂದ್ಯಾಗೂ ಇರ್ತಾವೇನ್ರಿ? ನಮ್ಮ ಶೆಡ್ಡಿಗೂ ಔಷಧ ಹೊಡಿಬೇಕೇನು?"