ಸ್ನಾನದ ಮನೆಯ ಗೆಯಿರಿ ಒಂಬತ್ತು ವರ್ಷ ಹೇಳದ ಮಾತು

ಐಸ್‌ಲೆಂಡಿನ ಉತ್ತರ ತೀರದ ದಾಲ್ವಿಕ್ ಎಂಬ ಪುಟ್ಟ ಊರಿನಲ್ಲಿ ಗೆಯಿರಿಯನ್ನು ಅರಿಯದವರಿಲ್ಲ. ಪೂರ್ತಿ ಹೆಸರು ಥೋರ್ಗೆಯಿರ್. ಹಾಗೆ ಕರೆದವಳು ಅವನ ತಾಯಿ ಒಬ್ಬಳೇ, ಅದೂ ಸಿಟ್ಟು ಬಂದಾಗ. ಊರಿನ ಬಿಸಿನೀರಿನ ಈಜುಕೊಳದಲ್ಲಿ ಗಂಡಸರ ಸ್ನಾನದ ಮನೆಯ ಕಾವಲು ಅವನ ಉದ್ಯೋಗ. ನೀರಿಗೆ ಇಳಿಯುವ ಮುನ್ನ ಪ್ರತಿಯೊಬ್ಬನೂ ಬಟ್ಟೆಯೆಲ್ಲ ಕಳಚಿ, ತಲೆ, ಕಂಕುಳು, ತೊಡೆಸಂದುಗಳಿಗೆ ಸೋಪು ಹಚ್ಚಿ ತೊಳೆಯಲೇಬೇಕು. ಚಡ್ಡಿ ಹಾಕಿಕೊಂಡೇ ನುಸುಳಲು ನೋಡುವ ಪರದೇಶದವರನ್ನು ಗೆಯಿರಿ, "ಅಣ್ಣಾ, ಸ್ನಾನ ಚಡ್ಡಿಗಲ್ಲ, ನಿನಗೆ!" ಎಂದು ಹಿಂದಕ್ಕೆ ಕಳಿಸುತ್ತಿದ್ದ. ಸುತ್ತ ನಿಂತ ಮೀನುಗಾರರು ಗೊಳ್ಳೆಂದು ನಗುತ್ತಿದ್ದರು.

ಹೀಗೆ ನಗಿಸುವವನ ಎದೆಯಲ್ಲಿ ಮುಳ್ಳೊಂದಿತ್ತು. ನಲವತ್ಮೂರನೆಯ ವಯಸ್ಸಿನಲ್ಲಿ ಅವನ ಶಿಶ್ನದ ಮುಂದೊಗಲು ಬಿಗಿಯಾಗತೊಡಗಿತು. ಹಿಂದಕ್ಕೆ ಸರಿಸಿದರೆ ಸಣ್ಣ ಸೀಳು. ಸೀಳು ಮಾಗಿದರೆ ಇನ್ನಷ್ಟು ಬಿಗಿ. ಕೊನೆಗೆ ಸರಿಯುವುದೇ ನಿಂತಿತು. ಊರಿಗೆಲ್ಲ ತೊಳೆಯುವ ಪಾಠ ಹೇಳುವವನು ತಾನೇ ಸರಿಯಾಗಿ ತೊಳೆಯಲಾರದವನಾದ. ಹೆಂಡತಿ ಸ್ಟೆಯಿನುನ್ ಹಾಸಿಗೆಯಲ್ಲಿ ಹತ್ತಿರ ಬಂದರೆ, ನೋವಿಗೆ ಹೆದರಿ ಗೋಡೆಯ ಕಡೆ ಹೊರಳಿ, "ದಣಿವಾಗಿದೆ" ಎನ್ನುತ್ತಿದ್ದ.

ವೈದ್ಯರಲ್ಲಿಗೆ ಏಕೆ ಹೋಗಲಿಲ್ಲ? ಸುನ್ನತಿಯೊಂದೇ ದಾರಿಯೆಂದು ತಾನೇ ತೀರ್ಮಾನಿಸಿಬಿಟ್ಟಿದ್ದ. ಅದು ಅವರ ಕಡೆ ರೂಢಿಯಲ್ಲಿಲ್ಲ. ಊರಿನ ಗಂಡಸರೆಲ್ಲ ದಿನವೂ ಬೆತ್ತಲೆ ನಿಲ್ಲುವ ಜಾಗದಲ್ಲಿ ಕಾವಲುಗಾರನದೇ ಬೇರೆಯಾಗಿ ಕಂಡರೆ, ಊರ ಬಾಯಿಗೆ ಬೀಗ ಹಾಕುವವರು ಯಾರು?

ಹೀಗೆ ಒಂಬತ್ತು ವರ್ಷ ಕಳೆಯಿತು. ಅಷ್ಟರಲ್ಲಿ ಸ್ಟೆಯಿನುನ್ ಬೆಣ್ಣೆ ಬಿಟ್ಟಳು, ಕೂದಲಿಗೆ ಬಣ್ಣ ಹಾಕಿದಳು, ಬೆಳಿಗ್ಗೆ ಆರೂವರೆಗೆ ಕೊಳಕ್ಕೆ ಬಂದು ನಲವತ್ತು ಸುತ್ತು ಈಜಿದಳು. ಇದೆಲ್ಲ ತನಗಾಗಿಯೇ ಎಂಬುದು ಗೆಯಿರಿಗೆ ಗೊತ್ತಿತ್ತು. ಗೊತ್ತಿದ್ದೂ, "ಒಳ್ಳೇದು, ಆರೋಗ್ಯಕ್ಕೆ" ಎಂದ. ಆ ಮಾತು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ.

ಮಾರ್ಚಿನ ಒಂದು ಭಾನುವಾರ, ಮೀನು-ಆಲೂಗೆಡ್ಡೆಯ ಊಟದ ನಡುವೆ ಅವಳು ಚಮಚ ಕೆಳಗಿಟ್ಟಳು.

"ಗೆಯಿರಿ, ಮುಂದಿನ ವಾರ ನಾನು ರೇಕ್ಯವಿಕ್‌ಗೆ ಅಕ್ಕನ ಮನೆಗೆ ಹೋಗ್ತೀನಿ."

"ಎಷ್ಟು ದಿನಕ್ಕೆ?"

"ದಿನದ ಲೆಕ್ಕ ಅಲ್ಲ ಕಣೋ. ನಿನಗೇ ಬೇಡವಾದ ಮೇಲೆ ಇಲ್ಲಿ ಮೇಜು ಕುರ್ಚಿ ಹಾಗೆ ಯಾಕಿರ್ಲಿ? ಬೇರೆ ಯಾರಾದ್ರೂ ಇದ್ರೆ ಹೇಳಿಬಿಡು, ಅಳಲ್ಲ."

"ಯಾರೂ ಇಲ್ಲ" ಎಂದಷ್ಟೇ ಅವನ ಬಾಯಿಂದ ಹೊರಟಿತು. ಅವಳು ನಂಬಲಿಲ್ಲ. ನಂಬುವುದಕ್ಕೆ ಅವನಾದರೂ ಏನು ಕೊಟ್ಟಿದ್ದ?

ಮರುದಿನವೇ ಅವನು ಊರಿನ ವೈದ್ಯೆ ಅಲ್ದೀಸಳ ಮುಂದೆ ಕುಳಿತ. ಶಾಲೆಯಲ್ಲಿ ಅವನಿಗಿಂತ ಎರಡು ತರಗತಿ ಮುಂದಿದ್ದವಳು ಅವಳು.

"ಕಾಲುಗಳ ನಡುವೆ ಸ್ವಲ್ಪ ತೊಂದರೆ."

"ನಡುವೆ ಅಂದ್ರೆ? ಮೊಣಕಾಲಾ? ಸರಿಯಾಗಿ ಹೇಳೋ."

ಹೇಳಿದ. ಅವಳು ಪರೀಕ್ಷೆ ಮಾಡಿ ಕೈ ತೊಳೆದುಕೊಂಡಳು. "ಹಳೇ ಸೀಳುಗಳ ಕಲೆ ಇದು. ಸಕ್ಕರೆ ಕಾಯಿಲೆಯಿಂದಲೂ ಹೀಗಾಗುತ್ತೆ, ರಕ್ತ ಕೊಟ್ಟು ಹೋಗು. ಮೊದಲು ಸ್ಟೀರಾಯ್ಡ್ ಮುಲಾಮು ಹಚ್ಚು. ಮೆತ್ತಗಾದ ಹಾಗೆ, ನೋವಾಗದಷ್ಟೇ ನಿಧಾನವಾಗಿ ಸರಿಸು. ಬಲವಂತ ಬೇಡ. ಹಿಂದೆ ಹೋಗಿ ಅಲ್ಲೇ ಸಿಕ್ಕಿಕೊಂಡ್ರೆ ತಕ್ಷಣ ಆಸ್ಪತ್ರೆಗೆ ಓಡು. ಆರು ವಾರಕ್ಕೂ ಸರಿಹೋಗದಿದ್ರೆ ಬಿಗಿ ಇರೋ ಕಡೆ ಮಾತ್ರ ಸಣ್ಣಗೆ ಕೊಯ್ದು, ಅಗಲ ಮಾಡಿ ಹೊಲೀತಾರೆ; ಚರ್ಮ ಉಳಿಯುತ್ತೆ. ಅದಕ್ಕೂ ಬಗ್ಗದಿದ್ರೆ ಸುನ್ನತಿ."

"ಸುನ್ನತಿ ಮಾಡಿದ್ದು ಸ್ನಾನದ ಮನೆಯಲ್ಲಿ ಕಂಡ್ರೆ?"

"ಮೂವತ್ತು ವರ್ಷದಿಂದ ಅಲ್ಲೇ ನಿಂತಿದ್ದೀಯಲ್ಲ, ಅಂಚೆಯ ಅಗ್ನಾರ್‌ದು ಹೇಗಿದೆ ಹೇಳು ನೋಡೋಣ?"

ನೆನಪಿರಲಿಲ್ಲ. ಊರಿನಲ್ಲಿ ಒಬ್ಬನದೂ ನೆನಪಿರಲಿಲ್ಲ. ನಗಬೇಕಾದ ಜಾಗದಲ್ಲಿ ಅವನಿಗೆ ಅಳು ಬಂದಿತು. ಯಾರೂ ನೋಡದ ನೋಟಕ್ಕೆ ಹೆದರಿ, ನನ್ನನ್ನೇ ನೋಡುತ್ತಿದ್ದವಳನ್ನು ಇಷ್ಟು ಕಾಲ ನೋಯಿಸಿದೆನಲ್ಲ!

"ಸ್ಟೆಯಿನುನ್‌ಗೆ ಹೇಳಿದ್ದೀಯಾ?"

"ಇಲ್ಲ."

"ಅದಕ್ಕೆ ನನ್ನ ಹತ್ತಿರ ಮುಲಾಮು ಇಲ್ಲಪ್ಪ."

ಆ ಸಂಜೆಯೇ ಅಡುಗೆಮನೆಯಲ್ಲಿ ನಿಂತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳಿಗೆ ಸಮಾಧಾನವಾದೀತೆಂದು ಎಣಿಸಿದ್ದ. ಅವಳ ಮುಖ ಕೆಂಪಾಯಿತು.

"ಒಂಬತ್ತು ವರ್ಷ ಕನ್ನಡಿ ಮುಂದೆ ನಿಂತು ನನ್ನಲ್ಲೇ ಐಬು ಹುಡುಕಿದೆನಲ್ಲೋ ಪಾಪಿ! ಒಂದು ಮಾತು ಹೇಳೋಕೆ ನಿನಗೆ ನಾಲಿಗೆ ಇರ್ಲಿಲ್ವಾ?"

"ಕ್ಷಮಿಸು."

"ಈಗಲೇ ಕೇಳಬೇಡ. ಮೊದಲು ನನ್ನ ಸಿಟ್ಟು ಮುಗೀಲಿ."

ಹೇಳಿದಂತೆ ಅಕ್ಕನ ಮನೆಗೆ ಹೋದಳು. ಮೂರನೆಯ ವಾರ ಫೋನ್ ಬಂದಿತು: "ಮುಲಾಮು ಹಚ್ತಿದ್ದೀಯಾ, ಇಲ್ಲಾ ಅದನ್ನೂ ಬಚ್ಚಿಟ್ಟಿದ್ದೀಯಾ?" ಆರನೆಯ ವಾರ ಅವಳೇ ಬಂದಳು. ಉಳಿಯುವೆನೆಂದಾಗಲಿ ಹೋಗುವೆನೆಂದಾಗಲಿ ಹೇಳಲಿಲ್ಲ.

ಮುಲಾಮಿನಿಂದ ಅರ್ಧ ಗುಣವಾಗಿತ್ತು. ಉಳಿದದ್ದಕ್ಕೆ ಆ ಸಣ್ಣ ಶಸ್ತ್ರಚಿಕಿತ್ಸೆಯೇ ಸರಿಯೆಂದು ಅಲ್ದೀಸ್ ಪಕ್ಕದ ಅಕುರೇರಿ ಪಟ್ಟಣದ ಆಸ್ಪತ್ರೆಗೆ ಬರೆದುಕೊಟ್ಟಳು. ಸ್ಟೆಯಿನುನ್ ಕಾರು ನಡೆಸಿದಳು.

ಆಸ್ಪತ್ರೆಯಲ್ಲಿ ನರ್ಸ್ ಕಾಗದ ಹಿಡಿದು ಕೇಳಿದಳು: "ಎಷ್ಟು ದಿನದಿಂದ ಈ ತೊಂದರೆ?"

"ಕೆಲವು ತಿಂಗಳಿಂದ" ಎಂದು ಗೆಯಿರಿಯ ನಾಲಿಗೆ ಹಳೆಯ ರೂಢಿಯಂತೆ ಹೊರಳಿತು. ಪಕ್ಕದಲ್ಲಿ ಕುಳಿತ ಸ್ಟೆಯಿನುನ್ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

"ಇಲ್ಲಮ್ಮ, ಸುಳ್ಳು ಹೇಳಿದೆ" ಎಂದ ಅವನು. "ಒಂಬತ್ತು ವರ್ಷ ಆಯ್ತು. ಇವಳಿಗೆ ಹೇಳಿ ಬರೀ ಎಂಟು ವಾರ."

ನರ್ಸ್ ತಲೆಯೆತ್ತದೆ ಬರೆದುಕೊಂಡಳು. ಸ್ಟೆಯಿನುನ್ ಇತ್ತ ತಿರುಗಿ ಅವನ ಕೈಯಲ್ಲಿದ್ದ ಕೋಟನ್ನು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಹೋಗಿ ಬಾ," ಎಂದಳು. "ಇಲ್ಲೇ ಕೂತಿರ್ತೀನಿ."