ಬೀಟೆಯ ಮುಖದ ಗಿಟಾರು

ಕಳೆದ ಭಾನುವಾರ ಕುಶಾಲನಗರದ ಒಂದು ಅಂಗಡಿಯಲ್ಲಿ ನಾನು ಗಿಟಾರಿನ ಹೊಟ್ಟೆಯ ತೂತಿಗೆ ಮೂಗಿಟ್ಟು ವಾಸನೆ ನೋಡುತ್ತಿದ್ದೆ. ನೀವು ನಗುವುದಾದರೆ ನಗಿ, ಅಂಗಡಿಯವನೂ ನಕ್ಕ. ಮೊಮ್ಮಗಳು ಮೇಘ ಗಿಟಾರು ಬೇಕೆಂದು ಮೂರು ತಿಂಗಳಿಂದ ಹಟ ಹಿಡಿದಿದ್ದಳು. ಆರಿಸಿಕೊಡಲು ತಾತನೇ ಬರಬೇಕು, ತಾತನಿಗೆ ಮಾತ್ರ ಅದರ ಮರ್ಮ ಗೊತ್ತು ಎನ್ನುವುದು ಅವಳ ನಂಬಿಕೆ. ಆ ನಂಬಿಕೆ ಹುಟ್ಟಿಸಿದವನು ನಾನೇ. ಮನೆಗೆ ನಾಲ್ಕು ಜನ ನೆಂಟರು ಬಂದರೆ ಸಾಕು, ಊಟವಾದ ಮೇಲೆ ನಾನು ನಮ್ಮ ಅಪ್ಪಯ್ಯನ ಗಿಟಾರಿನ ಕಥೆ ಹೇಳುತ್ತೇನೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಾನು ಇನ್ನೊಂದು ಎಲೆಅಡಿಕೆ ಹಾಕಿಕೊಳ್ಳುತ್ತೇನೆ.

“ಎಲ್ಲಾ ಮುಖದಲ್ಲಿರೋದು ಸಾರ್” ಎಂದ ಅಂಗಡಿಯವನು, ಗಿಟಾರಿನ ಮೇಲಿನ ಹಲಗೆಯನ್ನು ಬೆರಳಿನಿಂದ ತಟ್ಟುತ್ತ. “ಹಿಂದೆ ಯಾವ ಮರ ಇದ್ರೂ ನಡೀತದೆ. ಮುಂದಿನದು ಹಗುರ ಇರ್ಬೇಕು, ತೆಳ್ಳಗಿರ್ಬೇಕು. ಸ್ವರ ಬರೋದೇ ಅಲ್ಲಿಂದ.”

ಹುಟ್ಟಿದಾರಭ್ಯ ತಿಳಿದವನಂತೆ ನಾನು ತಲೆಯಾಡಿಸಿದೆ. ತಿಳಿದಿತ್ತು, ನಿಜ. ಹೇಗೆ ತಿಳಿಯಿತು ಎನ್ನುವುದೇ ಆ ಕಥೆ. ನೆಂಟರಿಗೆ ಹೇಳುವಾಗ ಅದರಲ್ಲೊಂದು ತುಂಡನ್ನು ಬಿಟ್ಟು ಹೇಳುತ್ತ ಬಂದಿದ್ದೇನೆ. ನಿಮಗೆ ಅದನ್ನೂ ಸೇರಿಸಿ ಹೇಳುತ್ತೇನೆ.

ನಮ್ಮ ಹಿರಿಯರು ಅರಕಲಗೂಡು ಕಡೆಯಿಂದ ಹೊಳೆ ದಾಟಿ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ಅಪ್ಪಯ್ಯನಿಗೆ ಗದ್ದೆಗಿಂತ ಮರದ ಹುಚ್ಚು ಜಾಸ್ತಿ. ಕೊಡಗು ಆಗ, ಐವತ್ತರ ದಶಕದ ಮೊದಲಿಗೆ, ತನ್ನದೇ ಒಂದು ರಾಜ್ಯ. ಎಂಥ ರಾಜ್ಯ ಅಂತೀರಿ? ಮಂತ್ರಿಗಳನ್ನು ಎಣಿಸಲು ಒಂದು ಕೈಯ ಬೆರಳುಗಳೂ ಪೂರ್ತಿ ಬೇಕಾಗುತ್ತಿರಲಿಲ್ಲ. ಬೆಳಿಗ್ಗೆ ಮಡಿಕೇರಿಯಲ್ಲಿ ಯಾರಾದರೂ ಸೀನಿದರೆ ಮಧ್ಯಾಹ್ನದೊಳಗೆ ನಮ್ಮೂರಿನವರು ಕಷಾಯದ ಬಗ್ಗೆ ಅಭಿಪ್ರಾಯ ಕೊಡುತ್ತಿದ್ದರು. ಅಂಥ ರಾಜ್ಯದಲ್ಲಿ ದೊಡ್ಡ ಮನುಷ್ಯನಾಗುವುದು ಕಷ್ಟವಿರಲಿಲ್ಲ. ಅಪ್ಪಯ್ಯ ಮರ ನೋಡುವುದರಲ್ಲಿ ದೊಡ್ಡ ಮನುಷ್ಯ.

ನಾಟಾ ರಾಶಿಯ ಮುಂದೆ ನಿಂತು ಕೊಡಲಿಯ ಹಿಂಭಾಗದಿಂದ ದಿಮ್ಮಿಗೆ ಒಂದೇಟು ಕೊಡುತ್ತಿದ್ದರು. ಕಿವಿ ಕೊಟ್ಟು ಕೇಳಿ, ಕಿವಿಯ ಹಿಂದೆ ಸಿಕ್ಕಿಸಿಕೊಂಡ ದಪ್ಪ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಸೊನ್ನೆ ಬಿದ್ದರೆ ಮೊದಲ ದರ್ಜೆಯ ಮರ. ಒಂದು ಗೀಟು ಬಿದ್ದರೆ ಸಾಧಾರಣ. ಕತ್ತರಿ ಗುರುತು ಬಿದ್ದರೆ ಸೌದೆ. ಅಪ್ಪಯ್ಯ ಸೊನ್ನೆ ಹಾಕಿದ ಮರವನ್ನು ಕೊಯ್ದಾಗ ಒಳಗೆ ಪೊಳ್ಳು ಬಂದಿದ್ದನ್ನು ಯಾರೂ ಕಂಡಿಲ್ಲ. ಶಾಲೆಯಲ್ಲಿ ನನಗೆ ಬೀಳುತ್ತಿದ್ದ ಸೊನ್ನೆಗಳನ್ನು ಅವರು ಅಷ್ಟಾಗಿ ಹಚ್ಚಿಕೊಳ್ಳದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು. “ಹಾಕಿದ ಗುರ್ತ ಅಳಿಸ್ದೋನಲ್ಲ ನಾನು” ಎನ್ನುವುದು ಅವರು ಎಲ್ಲೆಡೆ ಹೇಳಿಕೊಳ್ಳುತ್ತಿದ್ದ ಮಾತು. ಜನ ಅವರನ್ನು ಗುರುತಿನ ಗೌಡ್ರು ಎಂದೇ ಕರೆಯುತ್ತಿದ್ದರು.

ನನ್ನ ಅಕ್ಕ ಗಿರಿಜೆ ಈ ಮರಗಳ ನಡುವೆ ಹುಟ್ಟಿದ ಬೇರೆ ಗಿಡ. ಸುಂಟಿಕೊಪ್ಪದ ಹತ್ತಿರ ಒಂದು ಎಸ್ಟೇಟಿನ ಬಂಗಲೆಯಲ್ಲಿದ್ದ ಇಂಗ್ಲಿಷ್ ದೊರೆಸಾನಿಗೆ ಅವಳು ವಾರಕ್ಕೆರಡು ದಿನ ಕನ್ನಡ ಹೇಳಿಕೊಡಲು ಹೋಗುತ್ತಿದ್ದಳು. ಅದಕ್ಕೆ ಬದಲಾಗಿ ದೊರೆಸಾನಿ ಅವಳಿಗೆ ಗಿಟಾರು ಹೇಳಿಕೊಟ್ಟಳು. ಎರಡು ವರ್ಷದಲ್ಲಿ ದೊರೆಸಾನಿಯ ಕನ್ನಡ ‘ಇದು ಹಸು’ವಿನಿಂದ ಸ್ವಲ್ಪ ಮುಂದೆ ಹೋಗಿತ್ತು; ಅಕ್ಕನ ಗಿಟಾರು ಬಹಳ ಮುಂದೆ ಹೋಗಿತ್ತು. ನಮ್ಮ ಸೋಬಾನೆ ಪದಗಳನ್ನು ಅವಳು ಆ ತಂತಿಗಳ ಮೇಲೆ ಎಳೆದು ತರುತ್ತಿದ್ದಳು. ದೊರೆ ಎಸ್ಟೇಟು ಮಾರಿ ಊರಿಗೆ ಹೊರಟಾಗ ದೊರೆಸಾನಿ, ತನ್ನ ಮೂರು ಗಿಟಾರುಗಳಲ್ಲಿ ಒಂದನ್ನು ಗಿರಿಜೆ ಆರಿಸಿಕೊಳ್ಳಲಿ ಎಂದು ಹೇಳಿ ಕಳಿಸಿದಳು. ಅದೇ ಸಮಯಕ್ಕೆ ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತದ ಟೀಚರು ಬೇಕಾಗಿತ್ತು. ಯಾವ ವಾದ್ಯವಾದರೂ ಸರಿ, ಸಮಿತಿಯ ಮುಂದೆ ನುಡಿಸಿ ತೋರಿಸಬೇಕು. ಅಕ್ಕನಿಗೆ ಇದಕ್ಕಿಂತ ಬೇರೆ ಆಸೆಯೇ ಇರಲಿಲ್ಲ.

ಆರಿಸಲು ಅವಳೊಬ್ಬಳೇ ಹೋಗಿದ್ದರೆ ಈ ಪ್ರಬಂಧ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮರದ ಸಾಮಾನು ಮನೆಗೆ ಬರುವಾಗ ಅಪ್ಪಯ್ಯ ಸುಮ್ಮನಿರುವುದುಂಟೇ? ಕೋಟು ಹಾಕಿ, ಪೇಟ ಸುತ್ತಿ, ಪೆನ್ಸಿಲು ಸಿಕ್ಕಿಸಿಕೊಂಡು ಹೊರಟರು. ಇಂಗ್ಲಿಷಿಗೆ ನಾನಿರಲಿ ಎಂದು ನನ್ನನ್ನೂ ಕರೆದುಕೊಂಡರು. ನಾನು ಆಗ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ಟಿಗೆ ಸೇರಿ, ಊರಿಗೆ ಬಂದಾಗಲೆಲ್ಲ ಅರ್ಥವಾಗದ ಇಂಗ್ಲಿಷ್ ಪತ್ರಿಕೆಗಳನ್ನು ಜಗಲಿಯಲ್ಲಿ ಕೂತು ಜೋರಾಗಿ ಓದುತ್ತಿದ್ದ ಕಾಲ.

ಮೂರೂ ಗಿಟಾರುಗಳು ಒಬ್ಬನೇ ತಯಾರಕನವು. ಸಮುದ್ರದಾಚೆಯ ಬಲು ಹೆಸರುವಾಸಿ ಮನೆತನವಂತೆ. ಹೆಸರು ಹೇಳಿದರೆ ಜಾಹೀರಾತಾಗುತ್ತದೆ, ಬೇಡ. ಒಂದು ದೊಡ್ಡದು, ಒಂದು ನಡುವಿನದು, ಒಂದು ಚಿಕ್ಕದು. ಅಕ್ಕನಿಂದ ಕಲಿತ ಪುಸ್ತಕದ ಕನ್ನಡದಲ್ಲಿ ದೊರೆಸಾನಿ ವಿವರಿಸಿದಳು.

“ದೊಡ್ಡದು ಗಟ್ಟಿಯಾಗಿ ಹಾಡುವವರಿಗೆ. ಚಿಕ್ಕದು ಬೆರಳಿನಲ್ಲಿ ಮೃದುವಾಗಿ ನುಡಿಸುವವರಿಗೆ. ಗಿರಿಜಾ, ನೀನು ಮಡಿಲಿನಲ್ಲಿ ಇಟ್ಟುಕೊಂಡು ನೋಡು. ಕಣ್ಣಿನಿಂದ ಆರಿಸಬಾರದು. ಕಿವಿಯಿಂದ ಆರಿಸಬೇಕು.”

ಅಪ್ಪಯ್ಯ ಅಷ್ಟರಲ್ಲಿ ದೊಡ್ಡದನ್ನು ಎತ್ತಿ ತೂಕ ನೋಡಿ, ತಿರುಗಿಸಿ, ಬೆನ್ನಿಗೆ ಉಗುರು ಗೀರಿ ನೋಡಿದ್ದರು. ತೂತಿನೊಳಗೆ ಇಣುಕಿದಾಗ ಅಲ್ಲಿ ತಯಾರಕನ ಮುದ್ರೆ, ಅಳತೆಯನ್ನೂ ಮರದ ಜಾತಿಯನ್ನೂ ತಿಳಿಸುವ ನಂಬರು ಕಂಡವು. ಅರಣ್ಯ ಇಲಾಖೆಯವರು ದಿಮ್ಮಿಗೆ ಹೊಡೆಯುವ ಸುತ್ತಿಗೆ ಮುದ್ರೆ ಅವರಿಗೆ ನೆನಪಾಯಿತು. “ಕಳ್ಳಮಾಲಲ್ಲ” ಎಂದು ನನಗೆ ಮೆಲ್ಲಗೆ ಹೇಳಿದರು.

ಅಕ್ಕ ಚಿಕ್ಕದನ್ನು ಮಡಿಲಿಗೆ ತೆಗೆದುಕೊಂಡು ಎರಡು ಸಾಲು ನುಡಿಸಿದಳು. ಬಂಗಲೆಯ ಬಟ್ಲರು ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತ. ಅಪ್ಪಯ್ಯ ಕೂಡ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನುಡಿಸಿ ಮುಗಿದ ಮೇಲೆ ಗಿಟಾರನ್ನು ಕೈಗೆ ತೆಗೆದುಕೊಂಡು ಬೆನ್ನು ನೋಡಿದರು.

“ಇದು ಬೀಟೆ ಕಣವ್ವ” ಎಂದರು. “ನಮ್ ಕಾಡಿನ ಬೀಟೆನೇ ಇದ್ರೂ ಇರ್ಬೈದು. ಅಷ್ಟ್ ದೂರ ಹೋಗಿ ಬಂದೈತೆ.” ಆಮೇಲೆ ಮುಖದ ಕಡೆ ತಿರುಗಿಸಿದರು. ಅಲ್ಲಿದ್ದದ್ದು ಬೆಳ್ಳಗಿನ, ಹಗುರವಾದ, ಉಗುರು ಊರಿದರೆ ಇಳಿಯುವಂಥ ಮರ. “ಇದೇನಿದು? ಹಾಲವಾಣದಂಗೈತಲ್ಲ. ಬೆನ್ನಿಗೆ ಬೀಟೆ ಹಾಕಿ ಮುಖಕ್ಕೆ ಸೌದೆ ಹಾಕವ್ರೆ. ಕತ್ತೆಗೇನ್ ಗೊತ್ತು ಕಸ್ತೂರಿ ಪರಿಮಳ.”

ಅಕ್ಕ ಚಿಕ್ಕದನ್ನೇ ಆರಿಸಿಕೊಂಡಳು. ಹೊರಡುವಾಗ ದೊರೆಸಾನಿ ಆ ತಯಾರಕನ ಒಂದು ಚಿಕ್ಕ ಪುಸ್ತಕವನ್ನೂ ಕೊಟ್ಟಳು. ಗಿಟಾರನ್ನು ಆರಿಸುವುದು, ಅರಿಯುವುದು, ಜೋಪಾನ ಮಾಡುವುದು ಎಲ್ಲ ಅದರಲ್ಲಿತ್ತು.

ಅಕ್ಕ ಎರಡು ವಾರದ ಮಟ್ಟಿಗೆ ಅರಕಲಗೂಡಿಗೆ, ಕಾಯಿಲೆ ಬಿದ್ದಿದ್ದ ಸೋದರತ್ತೆಯ ಆರೈಕೆಗೆ ಹೋದಳು. ಗಿಟಾರು ಮನೆಯಲ್ಲಿತ್ತು. ಅಪ್ಪಯ್ಯ ದಿನಕ್ಕೆ ಹತ್ತು ಸಲ ಅದರ ಬಿಳಿ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಮಗಳು ಹಾಲವಾಣದ ಮುಖದ ವಾದ್ಯ ಹಿಡಿದು ಸಮಿತಿಯ ಮುಂದೆ ಕೂತರೆ, ಗುರುತಿನ ಗೌಡ್ರ ಮಾನವೇನಾಗಬೇಕು? ಮೂರನೆಯ ದಿನ ಊರಿನ ಬಡಗಿ ಪುಟ್ಟಾಚಾರಿ ಹತಾರಗಳ ಚೀಲದೊಂದಿಗೆ ಬಂದ. ಅಪ್ಪಯ್ಯ ಅಟ್ಟದಿಂದ ಕಲ್ಲಿನಷ್ಟು ಭಾರದ, ಕಪ್ಪನೆಯ ಬೀಟೆ ಹಲಗೆಯೊಂದನ್ನು ಇಳಿಸಿದರು. ಅದು ಸೊನ್ನೆ ಬಿದ್ದ ಹಲಗೆ. ಅಕ್ಕನ ಮದುವೆಯ ಮಂಚಕ್ಕೆಂದು ಎತ್ತಿಟ್ಟದ್ದು.

ಪುಟ್ಟಾಚಾರಿಗೆ ಸ್ವಲ್ಪ ಅನುಮಾನ ಬಂತು. “ಗೌಡ್ರೆ, ವಾದ್ಯದ ಕೆಲ್ಸ. ಒಂದ್ ಮಾತು ಯಾರ್ನಾದ್ರೂ ಕೇಳ್ಬೌದಿತ್ತು” ಎಂದ.

“ಪುಸ್ತಕನೇ ಐತಲ್ಲ” ಎಂದು ಅಪ್ಪಯ್ಯ ನನ್ನ ಕಡೆ ತಿರುಗಿದರು. “ಏನ್ ಬರ್ದವ್ರೆ ಓದ್ ಹೇಳ್ಲಾ, ಮುಖದ್ ವಿಸ್ಯ.”

ನೆಂಟರಿಗೆ ನಾನು ಹೇಳದೆ ಬಿಡುವ ತುಂಡು ಇದು. ಪುಸ್ತಕ ತೆರೆದೆ. ಮುಖದ ಹಲಗೆಯ ಬಗ್ಗೆ ಒಂದು ಪುಟವೇ ಇತ್ತು. ಅರ್ಧ ಅರ್ಥವಾಗಲಿಲ್ಲ. ಅರ್ಥವಾದ ಅರ್ಧದಲ್ಲಿ ‘ಹಗುರ’ ಎನ್ನುವ ಮಾತಿತ್ತು, ‘ತೆಳು’ ಎನ್ನುವ ಮಾತಿತ್ತು. ಅದನ್ನು ಹೇಳಿದರೆ ಅಪ್ಪಯ್ಯ ಮುಂದಿನ ಸಾಲು ಕೇಳುತ್ತಾರೆ, ಮುಂದಿನ ಸಾಲು ನನಗೆ ಬರುವುದಿಲ್ಲ, ಜಗಲಿಯಲ್ಲಿ ಜೋರಾಗಿ ಓದಿದ್ದೆಲ್ಲ ಹೊಳೆಗೆ ಹಾಕಿದಂತಾಗುತ್ತದೆ. ನಾನು ಗಂಟಲು ಸರಿಮಾಡಿಕೊಂಡು, “ಒಳ್ಳೆ ಮರ ಇರ್ಬೇಕು, ಗಟ್ಟಿಯಾಗಿರ್ಬೇಕು ಅಂತ ಬರ್ದವ್ರೆ ಅಪ್ಪಯ್ಯ” ಎಂದೆ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಭಾಷಾಂತರಗಳಲ್ಲಿ ಅಷ್ಟು ಸಲೀಸಾಗಿ ಬಂದದ್ದು ಅದೊಂದೇ.

ಪುಟ್ಟಾಚಾರಿ ಚಾಕು ಕಾಯಿಸಿ ಅಂಟು ಬಿಡಿಸಿ ಬಿಳಿ ಹಲಗೆಯನ್ನು ಎಬ್ಬಿಸಿದ. ಅಪ್ಪಯ್ಯ ಪೆನ್ಸಿಲು ತೆಗೆದು ಅದರ ಮೇಲೆ ದೊಡ್ಡದಾಗಿ ಕತ್ತರಿ ಗುರುತು ಹಾಕಿ ಬಚ್ಚಲ ಒಲೆಯ ಸೌದೆಗೆ ಎಸೆದರು. ಅದರ ಜಾಗಕ್ಕೆ ಅರ್ಧ ಬೆರಳು ದಪ್ಪದ ಬೀಟೆ ಕೂತಿತು. ಎಣ್ಣೆ ಕುಡಿಸಿ ಉಜ್ಜಿದ ಮೇಲೆ ಗಿಟಾರು ಎಷ್ಟು ಚೆಂದ ಕಂಡಿತೆಂದರೆ, ಅಕ್ಕಪಕ್ಕದವರು ಬಂದು ನೋಡಿ, ಇಂಥದೇ ಒಂದು ದೇವರ ಪೀಠ ಮಾಡಿಕೊಡಲು ಆಚಾರಿಗೆ ಹೇಳಿ ಹೋದರು.

ಅಕ್ಕ ಬಂದದ್ದು ಸಮಿತಿಯ ಹಿಂದಿನ ದಿನ. ಅಪ್ಪಯ್ಯ ಮಧ್ಯಾಹ್ನದ ಊಟ ಮುಗಿಸಿ ಗಿಟಾರನ್ನು ಪಂಚೆಯಲ್ಲಿ ಸುತ್ತಿ ತಂದು ಅವಳ ಮಡಿಲಲ್ಲಿಟ್ಟರು. ಅವಳು ಪಂಚೆ ಬಿಚ್ಚಿದಳು. ಮುಖದ ಬೀಟೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಒಂದು ತಂತಿ ಮೀಟಿದಳು. ಕಂಬಳಿ ಹೊದ್ದವರು ಕೆಮ್ಮಿದಷ್ಟು ಸದ್ದು ಬಂತು. ಇನ್ನೊಂದು ಮೀಟಿದಳು. ಅದೂ ಹಾಗೆಯೇ.

“ಹೆಂಗೈತವ್ವ?” ಎಂದರು ಅಪ್ಪಯ್ಯ.

“ಚೆನ್ನಾಗೈತೆ ಅಪ್ಪಯ್ಯ” ಎಂದಳು ಅಕ್ಕ. “ತುಂಬ ಚೆನ್ನಾಗೈತೆ.”

ಮಾರನೆಯ ದಿನ ಮಡಿಕೇರಿಯಲ್ಲಿ ಸಮಿತಿ ಕೂತಿತು. ಮೂವರು ಗಣ್ಯರು, ಮೂವರಿಗೂ ಸೇರಿ ಸಂಗೀತದ ಕಿವಿ ಒಂದೂ ಇಲ್ಲ. ಅಕ್ಕ ಅರ್ಧ ಗಂಟೆ ನುಡಿಸಿದಳು. ಮುಂದಿನ ಬೆಂಚಿನಲ್ಲಿದ್ದ ನನಗೆ ಅವಳ ಬೆರಳು ಕಾಣುತ್ತಿತ್ತು, ಬಳೆ ಕೇಳುತ್ತಿತ್ತು. ಗಣ್ಯರಲ್ಲಿ ಒಬ್ಬರು ನಿವೃತ್ತ ರೇಂಜರು. ಅವರು ಎದ್ದು ಬಂದು, ಕನ್ನಡಕ ಹಾಕಿಕೊಂಡು, ಗಿಟಾರಿನ ಮುಖವನ್ನು ಸವರಿ, “ಎಂಥ ಬೀಟೆ, ಎಂಥ ಬೀಟೆ” ಎಂದರು. ಇನ್ನೊಬ್ಬರು, “ಸಂಗೀತ ಅಂದ್ರೆ ಹೀಗಿರ್ಬೇಕು. ಪಕ್ಕದ ಕ್ಲಾಸಿಗೆ ಒಂಚೂರೂ ತೊಂದ್ರೆ ಇಲ್ಲ” ಎಂದರು. ಮೂರನೆಯವರು ಎಚ್ಚರವಾದ ಕೂಡಲೇ ಸಮ್ಮತಿಸಿದರು. ಕೆಲಸ ಸಿಕ್ಕಿತು. ಮಕ್ಕಳಿಗೆ ಹಾರ್ಮೋನಿಯಂ ಮೇಲೆ ಹಾಡು ಹೇಳಿಕೊಡುವುದು. ಗಿಟಾರನ್ನು ಟೀಚರುಗಳ ಕೋಣೆಯ ಗೋಡೆಗೆ ತೂಗುಹಾಕುವುದು, ನೋಡಲು ಚೆನ್ನಾಗಿದೆ ಎಂದು. ಅಕ್ಕ ಮೂವತ್ತು ವರ್ಷ ಹಾರ್ಮೋನಿಯಂ ಒತ್ತಿದಳು. ಗಿಟಾರು ಮೂವತ್ತು ವರ್ಷ ಗೋಡೆಯಲ್ಲಿತ್ತು.

ನೆಂಟರು ನಗುವುದು ಇಲ್ಲಿಯೇ. ಮಗಳಿಗೆ ಕೆಲಸ ಸಿಕ್ಕಿದ್ದು ತನ್ನ ಬೀಟೆಯಿಂದ ಎಂದು ಅಪ್ಪಯ್ಯ ಸಾಯುವವರೆಗೂ ನಂಬಿದ್ದರು ಎಂದು ಹೇಳಿ ನಾನು ಕಥೆ ಮುಗಿಸುತ್ತೇನೆ.

ಭಾನುವಾರ ಅಂಗಡಿಯಲ್ಲಿ ಏನೂ ತೀರ್ಮಾನವಾಗಲಿಲ್ಲ. ಅಂಗಡಿಯವನ ಮಾತು ಕೇಳಿದ ಮೇಲೆ ಮೇಘ, ಗಿರಿಜಜ್ಜಿಯ ಗಿಟಾರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದಳು. ಬಸ್ಸು ಹತ್ತಿ ಮಡಿಕೇರಿಗೆ, ಅಕ್ಕನ ಮನೆಗೆ ಹೋದೆವು. ಗಿಟಾರು ಈಗ ಅವಳ ಮನೆಯ ಗೋಡೆಯಲ್ಲಿದೆ. ಮೇಘ ಅದನ್ನು ಮೀಟಿ ನಕ್ಕಳು. ನಾನು ಕಥೆಯ ಕೊನೆಯ ಸಾಲನ್ನು ಅಭ್ಯಾಸಬಲದಿಂದ ಹೇಳಿದೆ.

ಅಕ್ಕ ನನ್ನನ್ನೇ ನೋಡಿದಳು. “ದಿಮ್ಮಿಗೆ ಒಂದೇಟು ಕೊಟ್ಟು ಒಳಗಿನ ಪೊಳ್ಳು ಹೇಳ್ತಿದ್ದ ಮನುಷ್ಯ” ಎಂದಳು. “ಅವ್ರಿಗೆ ಕೇಳಿಸ್ದೆ ಇರ್ತದಾ? ಮೊದಲ್ನೇ ತಂತಿಗೇ ಗೊತ್ತಾಯ್ತು ಕಣೋ. ನಾನ್ ಅವ್ರ ಮುಖ ನೋಡ್ತಿದ್ನಲ್ಲ.”

“ಮತ್ತೆ ಯಾಕೆ ಸುಮ್ನಿದ್ರು?”

“ನಾನು ಚೆನ್ನಾಗೈತೆ ಅಂದ್ಬಿಟ್ಟೆ. ಮಗಳ ಮಾತು ಸುಳ್ಳು ಮಾಡೋದು ಹೆಂಗೆ ಅಂತ ಸುಮ್ನಾದ್ರು.”

ಅವಳು ಒಳಗೆ ಹೋಗಿ ಟ್ರಂಕಿನಿಂದ ಒಂದು ಗಂಟು ತಂದಳು. ಹಳೆಯ ಪಂಚೆ ಬಿಚ್ಚಿದಾಗ ಕರ್ಪೂರದ ವಾಸನೆ ಬಂತು. ಒಳಗೆ, ಬಚ್ಚಲ ಒಲೆಯಲ್ಲಿ ಎಂದೋ ಬೂದಿಯಾಯಿತೆಂದು ನಾನು ತಿಳಿದಿದ್ದ ಬಿಳಿ ಹಲಗೆ ಇತ್ತು. ಕೆಲಸಕ್ಕೆ ಸೇರಲು ಅವಳು ಹೊರಟ ಬೆಳಿಗ್ಗೆ ಅಪ್ಪಯ್ಯ ಬಸ್ಸಿನ ಹತ್ತಿರ ತಂದುಕೊಟ್ಟರಂತೆ. “ಪುಸ್ತಕ ಓದಕ್ ಬಾರ್ದೋನು ನಾನು. ಮರ ಓದಕಾದ್ರೂ ಬರ್ಬೇಕಿತ್ತು” ಎಂದಷ್ಟೇ ಹೇಳಿದರಂತೆ.

“ಇದ್ನ ವಾಪಸ್ ಹಾಕಿಸ್ಬೌದಿತ್ತಲ್ಲ” ಎಂದೆ.

“ಬೀಟೆ ತೆಗ್ಸಬೇಕಲ್ಲಪ್ಪ. ಅವ್ರಿರೋ ತನಕ ಅವ್ರ ಕಣ್ಮುಂದೆ ಆಗ್ಲಿಲ್ಲ. ಹೋದ್ಮೇಲೆ ಕೈಯೇ ಬರ್ಲಿಲ್ಲ.” ಪಂಚೆ ಮಡಚುತ್ತ ಅಂದಳು, “ಗಟ್ಟಿ ಮರ ಇರ್ಬೇಕು ಅಂತ ನೀನು ಓದ್ ಹೇಳಿದ್ದನ್ನ ಅಪ್ಪಯ್ಯ ನಂಗೆ ಹೇಳಿದ್ರು. ಆ ಪುಸ್ತಕ ನಾನೂ ಓದಿದ್ದೆ. ಅದ್ರಲ್ಲಿ ಏನಿತ್ತು ಅಂತ ಅವ್ರಿಗೆ ಹೇಳ್ಲಿಲ್ಲ. ನಿನ್ನ ಓದಿನ ಮೇಲೆ ಅವ್ರಿಗೆ ಭಾಳ ಹೆಮ್ಮೆ ಇತ್ತು.”

ನಾನು ಹಲಗೆಯನ್ನು ಬೆಳಕಿಗೆ ಹಿಡಿದೆ. ಕತ್ತರಿ ಗುರುತನ್ನು ಯಾರೋ ಉಪ್ಪುಕಾಗದದಿಂದ ಉಜ್ಜಿದ್ದರು; ಆ ಮೆತ್ತನೆಯ ಮರಕ್ಕೆ ನೋವಾಗದಂತೆ, ಬಹಳ ಹೊತ್ತು ಕೂತು ಉಜ್ಜಿದ್ದಿರಬೇಕು. ಆದರೂ ಕೆಂಪು ಪೂರ್ತಿ ಹೋಗಿರಲಿಲ್ಲ. ಅದರ ಮೇಲೆ, ಅಪ್ಪಯ್ಯನ ಕೈಯದೇ, ಒಂದು ದುಂಡನೆಯ ಸೊನ್ನೆ ಇತ್ತು. ಬೆರಳಿನಿಂದ ತಟ್ಟಿದೆ. ಇಷ್ಟು ವರ್ಷ ಟ್ರಂಕಿನಲ್ಲಿದ್ದ ಹಲಗೆ ಕೋಣೆಯ ತುಂಬ ಕೇಳುವಂತೆ ದನಿ ಕೊಟ್ಟಿತು. ಅಪ್ಪಯ್ಯನನ್ನು ನೆನೆದು ನಾನು ಅತ್ತೆ. ಮೊಮ್ಮಗಳ ಎದುರು ಅಳುವುದು ನಾಚಿಕೆಯ ವಿಷಯ, ಆದರೂ ಅತ್ತೆ.

ಈ ಭಾನುವಾರ ಮತ್ತೆ ಅಂಗಡಿಗೆ ಹೋದೆವು. ಮೇಘ ಒಂದೊಂದನ್ನೇ ಮಡಿಲಿಗೆ ತೆಗೆದುಕೊಂಡು ಮೀಟಿ ನೋಡಿದಳು. ಅಂಗಡಿಯವನು ಒಂದು ಚಿಕ್ಕ ಪುಸ್ತಕವನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ತೆರೆಯದೆ ಮೊಮ್ಮಗಳ ಪಕ್ಕದಲ್ಲಿಟ್ಟೆ.

“ಯಾವ್ದು ತಗೊಳ್ಲಿ ತಾತ?” ಎಂದಳು.

“ನಂಗ್ ಗೊತ್ತಿಲ್ಲ ಮಗ” ಎಂದೆ. “ನೀನ್ ನುಡ್ಸು, ನಾನ್ ಕೇಳ್ತೀನಿ.”